ಅಂಕಿಯೂ ಅಂಗೈಯೂ

ಅಂಗಳದಲ್ಲಿ ಮೂರು ಮಣ್ಣಿನ ಗುಡ್ಡೆಗಳಿವೆ. ಒಂದು ಕಡುಗೆಂಪು, ಒಂದು ಹಳದಿ ಬೆರೆತ ಕಂದು, ಮೂರನೆಯದು ಒಣಗಿ ಹೆಂಟೆಗಟ್ಟಿದ ಕಪ್ಪು. ಬೆಂಗಳೂರಿನ ಹೊರವಲಯ, ಏಪ್ರಿಲ್ ಕೊನೆಯ ವಾರ. ಬೆಳಗಿನ ಒಂಬತ್ತಕ್ಕೇ ಬಿಸಿಲು ಕಣ್ಣು ಕುಕ್ಕುತ್ತಿದೆ. ಗುಡ್ಡೆಗಳ ಸುತ್ತ ಇಪ್ಪತ್ತು ಇಪ್ಪತ್ತೈದು ಮಂದಿ ನಿಂತಿದ್ದಾರೆ. ಅರ್ಧ ಜನರ ಕಾಲಲ್ಲಿ ಬೂಟು: ಆರ್ಕಿಟೆಕ್ಚರ್ ಓದುವ ಹುಡುಗಿಯರು, ಕೆಲಸಕ್ಕೆ ಸೇರಿ ವರ್ಷ ತುಂಬದ ಸಿವಿಲ್ ಎಂಜಿನಿಯರುಗಳು, ಸೈಟು ಕೊಂಡು ಮನೆಯ ಕನಸಿನಲ್ಲಿರುವ ಒಂದು ಸಾಫ್ಟ್‌ವೇರ್ ಜೋಡಿ. ಉಳಿದರ್ಧದ ಕಾಲಲ್ಲಿ ಹವಾಯಿ ಚಪ್ಪಲಿ: ಗಾರೆ ಮೇಸ್ತ್ರಿಗಳು, ಕರಣೆ ಹಿಡಿಯಲು ಈಗಷ್ಟೇ ಕಲಿಯುತ್ತಿರುವ ಹುಡುಗರು, ರಾಯಚೂರು ಕಡೆಯಿಂದ ಬಂದು ನಗರದಲ್ಲಿ ಬಾಂಡ್ಲಿ ಹೊರುವ ಇಬ್ಬರು ಹೆಂಗಸರು. ಕಡಿಮೆ ಕರೆಂಟು ಬೇಡುವ, ಒಳಗಿದ್ದವರ ಆರೋಗ್ಯ ಕೆಡಿಸದ ಮನೆಯನ್ನು ಕಟ್ಟುವುದು ಹೇಗೆಂದು ಕಲಿಯಲು ಎಲ್ಲರೂ ಬಂದಿದ್ದಾರೆ. ಬೂಟಿನವರು ಒಂದು ಕಡೆ, ಚಪ್ಪಲಿಯವರು ಇನ್ನೊಂದು ಕಡೆ.

ಕಲಿಸುವವರು ತಲೆಗೂದಲು ನರೆತ ಒಬ್ಬ ಎಂಜಿನಿಯರು. ಪೀಠಿಕೆ ಗೀಠಿಕೆ ಏನೂ ಇಲ್ಲ. "ಈ ಮೂರರಲ್ಲಿ ಯಾವುದರಿಂದ ಮನೆ ಕಟ್ಟಬಹುದು, ಮುಟ್ಟಿ ನೋಡಿ ಹೇಳಿ" ಎನ್ನುತ್ತಾರೆ. ಬೂಟಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಿಳಿ ಮೀಸೆಯ ಮೇಸ್ತ್ರಿಯೊಬ್ಬರು ಕುಕ್ಕರಗಾಲಲ್ಲಿ ಕೂತು ಕೆಂಪು ಗುಡ್ಡೆಯಿಂದ ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಿವಿಯ ಹತ್ತಿರ ಹಿಡಿಯುತ್ತಾರೆ. ಕರಕರ ಸದ್ದು ಬಂದರೆ ಮರಳಿದೆ ಎಂದು ಅರ್ಥ. ಕಪ್ಪು ಗುಡ್ಡೆಯ ಬಳಿ ನಿಂತ ರಾಯಚೂರಿನ ಹೆಂಗಸಿಗೆ ಮುಟ್ಟುವ ಅಗತ್ಯವೂ ಕಾಣುವುದಿಲ್ಲ. "ಇದು ಎರಿ ಮಣ್ಣ ರೀ ಸರ. ಮಳಿ ಬಂದ್ರ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ. ಇದರ ಮ್ಯಾಲ ಗ್ವಾಡಿ ನಿಂದ್ರಸಾಕ ಭಾಳ ತ್ರಾಸ" ಎನ್ನುತ್ತಾಳೆ. ಎಂಜಿನಿಯರ್ ಹುಡುಗ ಪಠ್ಯದಲ್ಲಿ ಒಂದು ಅಧ್ಯಾಯ ಓದಿ ಪರೀಕ್ಷೆ ಬರೆದ ವಿಷಯ ಇದು. ಅವನು ನೋಟ್‌ಬುಕ್ ತೆಗೆದು ಅವಳ ಮಾತನ್ನು ಬರೆದುಕೊಳ್ಳುತ್ತಾನೆ.

ಆಮೇಲೆ ಅಂಕಿಯ ಸರದಿ. ಉದ್ದನೆಯ ಗಾಜಿನ ಬಾಟಲಿಗಳಿಗೆ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಜಗಲಿಯ ಮೇಲೆ ಸಾಲಾಗಿ ಇಟ್ಟರು. ಮರಳು ನಿಮಿಷದೊಳಗೆ ತಳ ಸೇರಿತು. ಅದರ ಮೇಲೆ ನಯವಾದ ಗೋಡು ಮಣ್ಣು ಮೆಲ್ಲಗೆ ಕೂರತೊಡಗಿತು. ಜೇಡಿ ಮಾತ್ರ ಸಂಜೆಯಾದರೂ ನೀರಿನಲ್ಲೇ ತೇಲುತ್ತಿತ್ತು. ಅದು ಇಳಿಯಲು ಮರುದಿನದವರೆಗೆ ಕಾಯಬೇಕು. ಪದರಗಳ ಮೇಲೆ ಅಡಿಪಟ್ಟಿ ಹಿಡಿದರೆ ಪ್ರಮಾಣ ಸಿಗುತ್ತದೆ. ಸಿಮೆಂಟ್ ಬೆರೆಸಿ ಒತ್ತುವ ಮಣ್ಣಿನ ಇಟ್ಟಿಗೆಗೆ ಮರಳು ನೂರಕ್ಕೆ 65ಕ್ಕಿಂತ ಹೆಚ್ಚು, ಜೇಡಿ 10ರಿಂದ 15 ಇದ್ದರೆ ಒಳ್ಳೆಯದು. ಜೇಡಿ ಹೆಚ್ಚಿದ್ದರೆ ಮರಳು ಅಥವಾ ಕಲ್ಲುಪುಡಿ ಸೇರಿಸಿ ಸರಿಪಡಿಸಬಹುದು. ಮೀಸೆಯ ಮೇಸ್ತ್ರಿ ಕಿವಿಯಲ್ಲಿ ಕೇಳಿದ್ದು ಬಾಟಲಿಯಲ್ಲಿ ಕಣ್ಣಿಗೆ ಕಂಡಿತು. ಅವರ ಅಂದಾಜು ಕೆಂಪು ಮಣ್ಣಿನಲ್ಲಿ ಸರಿಯಿತ್ತು, ಕಂದು ಮಣ್ಣಿನಲ್ಲಿ ತಪ್ಪಿತ್ತು. ನಯವಾದ ಗೋಡು ಬೆರಳಿಗೆ ಜೇಡಿಯಂತೆ ಮೋಸ ಮಾಡುತ್ತದೆ. "ಇಷ್ಟು ವರ್ಷ ಕೈಯನ್ನೇ ನಂಬಿದ್ದೆ ಸಾರ್. ಇನ್ಮೇಲೆ ಬಾಟ್ಲೀನೂ ಇಟ್ಕೋತೀನಿ" ಎಂದರು.

ಮಣ್ಣಿಗೆ ನೀರಿನ ಹದ ನೋಡುವುದು ಮತ್ತೆ ಅಂಗೈಯ ಕೆಲಸ. ಕಲಸಿದ ಮಣ್ಣನ್ನು ರಾಗಿ ಮುದ್ದೆಯಂತೆ ಕಟ್ಟಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ನಾಲ್ಕೈದು ಹೋಳಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಕಮ್ಮಿ. ಚಪ್ಪಟೆಯಾಗಿ ಕೂತರೆ ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಬೂಟು ಚಪ್ಪಲಿಗಳೆರಡೂ ಕಳಚಿ ಮೂಲೆ ಸೇರಿದ್ದವು. ಎಲ್ಲರ ಮೊಣಕಾಲ ತನಕ ಒಂದೇ ಬಣ್ಣ.

ಈ ವಿದ್ಯೆಗೆ ಕನ್ನಡ ನೆಲದಲ್ಲಿ ಐವತ್ತು ವರ್ಷಗಳ ಚರಿತ್ರೆ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನ ಹಳ್ಳಿಯ ಕೆಲಸಕ್ಕೆ ಬರಬೇಕೆಂಬುದು ಅದರ ಗುರಿ. ಕುಣಿಗಲ್ ಬಳಿಯ ಉಂಗ್ರ ಎಂಬ ಹಳ್ಳಿಯಲ್ಲಿ ಅದರ ಪ್ರಯೋಗಶಾಲೆ ತಲೆಯೆತ್ತಿತು. ಹೊಗೆಕೊಳವೆಯ 'ಅಸ್ತ್ರ ಒಲೆ' ಹಳೆಯ ತಲೆಮಾರಿನ ಅನೇಕ ಅಡುಗೆಮನೆಗಳಿಗೆ ಗೊತ್ತು. ಅದೇ ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿನ ಇಟ್ಟಿಗೆಯ ಹಿಂದೆ ಬಿದ್ದರು. ಎಷ್ಟು ಒತ್ತಿದರೆ ಎಷ್ಟು ಗಟ್ಟಿ, ಎಷ್ಟು ಸಿಮೆಂಟಿಗೆ ಎಷ್ಟು ಬಾಳಿಕೆ, ಮಳೆಗೆ ಏನಾಗುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದರು. ಕೈಯಿಂದ ಒತ್ತುವ ಯಂತ್ರಗಳನ್ನೂ ರೂಪಿಸಿದರು.

ಅಂಥದೊಂದು ಯಂತ್ರ ಅಂಗಳದ ನಡುವೆ ನಿಂತಿದೆ. ಮೋಟರಿಲ್ಲ, ವೈರಿಲ್ಲ, ಕಬ್ಬಿಣದ ಅಚ್ಚು, ಮುಚ್ಚಳ, ಉದ್ದನೆಯ ಹಿಡಿ. ಪಕ್ಕದಲ್ಲೊಂದು ತಕ್ಕಡಿ. ಪ್ರತಿ ಅಚ್ಚಿಗೂ ಮಣ್ಣನ್ನು ತೂಗಿಯೇ ಹಾಕಬೇಕು ಎಂದಾಗ ಹುಡುಗರು ನಕ್ಕರು. ಆಮೇಲೆ ಕಾರಣ ತಿಳಿಯಿತು: ಅಚ್ಚಿನ ಅಳತೆ ಬದಲಾಗುವುದಿಲ್ಲ, ಆದ್ದರಿಂದ ಮಣ್ಣಿನ ತೂಕ ಒಂದೇ ಇದ್ದರೆ ಇಟ್ಟಿಗೆಯ ಗಟ್ಟಿತನವೂ ಒಂದೇ. ಇಬ್ಬರು ಹಿಡಿಗೆ ಜೋತುಬಿದ್ದು ಎಳೆದರು. ಕಬ್ಬಿಣ ಕೀರಲುಗುಟ್ಟಿತು. ಮುಚ್ಚಳ ಸರಿದು, 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆ ಚೂಪು ಅಂಚುಗಳೊಂದಿಗೆ ಮೇಲೆದ್ದಿತು. ಸುಮಾರು ಎಂಟು ಕಿಲೋ. ಅದನ್ನು ಎರಡೂ ಅಂಗೈಗಳಿಂದ ಪಕ್ಕಗಳನ್ನು ಒತ್ತಿ ಎತ್ತಬೇಕು. ಅಂಚಿಗೆ ಬೆರಳು ತಾಗಿದರೆ ಮುರಿಯಿತು. ಸಾಫ್ಟ್‌ವೇರ್ ಜೋಡಿಯ ಮೊದಲ ಮೂರು ಇಟ್ಟಿಗೆಗಳು ಮತ್ತೆ ಮಣ್ಣಿನ ಗುಡ್ಡೆಗೇ ಹೋದವು.

"ಮಳೆಗೆ ಕರಗಲ್ವಾ ಸಾರ್?" ಯಾವ ಶಿಬಿರದಲ್ಲೂ ಈ ಪ್ರಶ್ನೆ ತಪ್ಪುವುದಿಲ್ಲವಂತೆ. ಗುರುಗಳು ಎರಡು ಬಕೆಟ್ ತರಿಸಿದರು. ಒಂದರೊಳಗೆ ಸಿಮೆಂಟ್ ಬೆರೆಸಿ ವಾರಗಟ್ಟಲೆ ನೀರುಣಿಸಿದ ಇಟ್ಟಿಗೆ ಹಿಂದಿನ ರಾತ್ರಿಯಿಂದ ಮುಳುಗಿಕೊಂಡಿತ್ತು. ಇನ್ನೊಂದಕ್ಕೆ ಸಿಮೆಂಟಿಲ್ಲದ ಇಟ್ಟಿಗೆಯನ್ನು ಆಗಷ್ಟೇ ಬಿಟ್ಟರು. ಅದು ಗುಳ್ಳೆ ಬಿಡುತ್ತಾ, ಎಲ್ಲರ ಕಣ್ಣೆದುರೇ ಅಂಚುಗಳನ್ನು ಕಳೆದುಕೊಂಡು ಕೆಸರಾಯಿತು. ಮೊದಲನೆಯದನ್ನು ತೆಗೆದು ನೆಲಕ್ಕೆ ಕುಕ್ಕಿದರೂ ಜಪ್ಪಯ್ಯ ಎನ್ನಲಿಲ್ಲ. ಅದರಲ್ಲಿದ್ದ ಸಿಮೆಂಟ್ ನೂರಕ್ಕೆ ಏಳರಷ್ಟು. ಆದರೆ ಆ ಏಳು ಪಾಲು ಕೆಲಸ ಮಾಡಬೇಕಾದರೆ ಮೂರು ನಾಲ್ಕು ವಾರ ನೆರಳಿನಲ್ಲಿ, ಗೋಣಿಚೀಲ ಹೊದ್ದು, ದಿನವೂ ನೀರು ಕುಡಿಯುತ್ತಾ ಕೂರಬೇಕು. ಈ ಕಾಯುವಿಕೆಯಲ್ಲಿ ಮೂರು ದಿನ ಕಳ್ಳತನ ಮಾಡಿದರೂ ಅದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಗೋಡೆ ಮಾತ್ರ ಅದನ್ನು ಮರೆಯುವುದಿಲ್ಲ.

ಸುಟ್ಟ ಇಟ್ಟಿಗೆಯ ಗೂಡು ಕಂಡವರಿಗೆ ಅದರ ಹಸಿವೂ ಗೊತ್ತು: ಲಾರಿಗಟ್ಟಲೆ ಸೌದೆ, ದಿನಗಟ್ಟಲೆ ಬೆಂಕಿ. ವಿಜ್ಞಾನ ಸಂಸ್ಥೆಯ ಆ ಇಬ್ಬರು ಪ್ರಾಧ್ಯಾಪಕರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗೋಡೆಗೆ ಸುಟ್ಟ ಇಟ್ಟಿಗೆ ತಿನ್ನುವ ಶಕ್ತಿಯ ಕಾಲುಭಾಗ ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಗೆ ಸಾಕು. ಮನೆಯೊಂದರ ಇಂಧನದ ಲೆಕ್ಕ ಮೀಟರ್ ತಿರುಗುವ ದಿನದಿಂದ ಶುರುವಾಗುವುದಿಲ್ಲ, ಪಾಯ ತೋಡುವ ದಿನದಿಂದ ಶುರುವಾಗುತ್ತದೆ ಎಂದು ಕಲಿಸುವವರು ಬೋರ್ಡಿನ ಮೇಲೆ ಬರೆದಿದ್ದರು. ಪಾಯದ ಮಣ್ಣೇ ಗೋಡೆಯಾದರೆ ಲಾರಿಯ ಡೀಸೆಲೂ ಉಳಿಯಿತು. ಆದರೆ ಮೇಲಿನ ಒಂದಡಿ ಹೊಲದ ಮಣ್ಣನ್ನು ಮುಟ್ಟಬಾರದು. ಅದರಲ್ಲಿ ಬೇರು, ಗೊಬ್ಬರ ಇರುತ್ತದೆ. ಅದು ಗಿಡಕ್ಕೆ ಸೇರಿದ್ದು.

ಎರಡನೆಯ ದಿನ ಮಧ್ಯಾಹ್ನ ಹನ್ನೆರಡು ದಾಟಿ ಕಾಲು ಗಂಟೆಯ ಹೊತ್ತಿಗೆ ಎಲ್ಲರನ್ನೂ ಬಯಲಿಗೆ ಕರೆದರು. ಮೂರು ಕೋಲು ನೆಟ್ಟು ಅವಕ್ಕೆ ಮೇಸ್ತ್ರಿಯ ತೂಗುಗುಂಡನ್ನು ಇಳಿಬಿಟ್ಟಿದ್ದರು. ಗುಂಡಿನ ನೆರಳು ನಿಖರವಾಗಿ ಗುಂಡಿನ ಕೆಳಗೇ ಇತ್ತು, ದಾರದ ನೆರಳು ಮಾಯ. ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. "ಈಗ ಬಿಸಿಲು ಯಾವ ಗೋಡೆಗೆ ಬಿತ್ತು?" ಪ್ರಶ್ನೆ ಕೇಳಿ ಎಲ್ಲರೂ ಸುತ್ತ ನೋಡಿದರು. ಗೋಡೆಗೆ ಬಿದ್ದೇ ಇಲ್ಲ, ಪೂರ್ತಿ ತಾರಸಿಗೆ. ಸಂಜೆ ನಾಲ್ಕಕ್ಕೆ ಅದೇ ಪ್ರಶ್ನೆ. ಈಗ ಪಡುವಣ ಗೋಡೆ ಕಾಯುತ್ತಿತ್ತು. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು. ಪಡುವಣದ ಇಳಿಬಿಸಿಲು ಸಜ್ಜಾದ ಕೆಳಗೇ ನುಗ್ಗಿ ಬರುತ್ತದೆ. ಅಲ್ಲಿಗೆ ಮರ ಬೇಕು, ಇಲ್ಲವೇ ಮೆಟ್ಟಿಲು, ಬಚ್ಚಲು, ಉಗ್ರಾಣ ಆ ಕಡೆ ಹೋಗಬೇಕು. ವಾಸ್ತುವಿನ ಹೆಸರಲ್ಲಿ ದಿಕ್ಕು ಕೇಳಿ ಕೇಳಿ ಬೇಸತ್ತಿದ್ದ ಆರ್ಕಿಟೆಕ್ಚರ್ ಹುಡುಗಿಯೊಬ್ಬಳು, ಸೂರ್ಯನನ್ನೇ ಸಾಕ್ಷಿಗೆ ಕರೆಯಬಹುದು ಎಂದು ಹಿಗ್ಗಿದಳು.

ಅಂದು ಸಂಜೆಯೇ ಎರಡು ಕೋಣೆಗಳಿಗೆ ಕರೆದೊಯ್ದರು. ಒಂದಕ್ಕೆ ಬರಿಯ ಆರ್‌ಸಿಸಿ ಸ್ಲ್ಯಾಬು. ಇನ್ನೊಂದಕ್ಕೆ ಸ್ಲ್ಯಾಬಿನ ಹೊಟ್ಟೆಯೊಳಗೆ ಮಂಗಳೂರು ಹೆಂಚು ಹೂತು, ಮೇಲೆ ಬಿಳಿ ಬಳಿದ ಛಾವಣಿ. ಶಾಖ ಅಳೆಯುವ ಪುಟ್ಟ ಗನ್ನನ್ನು ಮೇಲಕ್ಕೆ ತಿರುಗಿಸಿದರೆ ಮೊದಲ ಕೋಣೆಯ ಅಂಕಿ ಮೈಬಿಸಿಗಿಂತ ಮೇಲೆ. ಹಗಲಿಡೀ ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿ ಹತ್ತರವರೆಗೂ ಕೆಳಗೆ ಸುರಿಯುತ್ತದೆ. ಫ್ಯಾನು ಆ ಬಿಸಿಯನ್ನು ಕಲಕುವುದನ್ನು ಬಿಟ್ಟು ಬೇರೇನೂ ಮಾಡಲಾರದು. ಆಗ ಏಸಿ ಬರುತ್ತದೆ.

ಹೆಂಚಿಟ್ಟ ಸ್ಲ್ಯಾಬನ್ನು ಕಂಡು ಮೀಸೆಯ ಮೇಸ್ತ್ರಿಗೆ ಸಮಾಧಾನವಿಲ್ಲ. "ಒಳಗಡೆ ಹೆಂಚಿಟ್ರೆ ಮೋಲ್ಡ್ ವೀಕ್ ಆಗಲ್ವಾ?" ಉತ್ತರ ಕೊಟ್ಟವಳು ಎಂಜಿನಿಯರ್ ಹುಡುಗಿ. ದಪ್ಪನೆಯ ಸ್ಪಂಜಿನ ಪಕ್ಕೆಯ ಮೇಲೆ ಪೆನ್ನಿನಿಂದ ಗೆರೆಗಳನ್ನೆಳೆದು ಬಾಗಿಸಿ ತೋರಿಸಿದಳು. ಮೇಲಿನ ಗೆರೆಗಳು ಹತ್ತಿರ ಬಂದವು, ಕೆಳಗಿನವು ದೂರ ಸರಿದವು. ಕಾಂಕ್ರೀಟಿಗೆ ಒತ್ತಡ ತಡೆಯುವುದು ಗೊತ್ತು, ಎಳೆತ ಗೊತ್ತಿಲ್ಲ. ಕೆಳಗಿನ ಎಳೆತವನ್ನು ಕಂಬಿ ನೋಡಿಕೊಳ್ಳುತ್ತದೆ. ಅಲ್ಲಿ ಕಂಬಿಗಳ ನಡುವೆ ಇರುವ ಕಾಂಕ್ರೀಟು ಬರೀ ಭಾರ, ಆ ಜಾಗಕ್ಕೆ ಹೆಂಚು ಬಂದರೆ ಸಿಮೆಂಟೂ ಉಳಿಯಿತು, ಹೆಂಚಿನ ಕೆಳಗಿನ ಗಾಳಿ ಬಿಸಿಯನ್ನೂ ತಡೆಯಿತು. ಮೇಸ್ತ್ರಿ ಸ್ಪಂಜನ್ನು ಇಸಿದುಕೊಂಡು ಎರಡು ಬಾರಿ ಬಾಗಿಸಿ ನೋಡಿದರು. ಆಮೇಲೆ ತಮ್ಮ ಮಾತು ಸೇರಿಸಿದರು: "ಸರಿ ಮಗಾ. ಆದ್ರೆ ಹೆಂಚನ್ನ ನೀರಲ್ಲಿ ನೆನೆಸಿ ಇಡಬೇಕು. ಒಣ ಹೆಂಚು ಕಾಂಕ್ರೀಟಿನ ನೀರನ್ನೆಲ್ಲ ಕುಡಿದುಬಿಡ್ತದೆ." ಹುಡುಗಿಯ ಡ್ರಾಯಿಂಗಿನಲ್ಲಿ ಆ ಸೂಚನೆ ಇರಲಿಲ್ಲ. ಅಲ್ಲೇ ಬರೆದುಕೊಂಡಳು.

ಇಂಥ ಕೊಡುಕೊಳ್ಳುವಿಕೆ ಈ ವಿದ್ಯೆಗೆ ಹೊಸದೇನಲ್ಲ. 1940ರ ದಶಕದ ಆರಂಭದಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ಮಣ್ಣಿನ ಕಮಾನು ಛಾವಣಿ ಕಟ್ಟಲು ಹೋಗಿ ಸೋತರು. ಸೆಂಟ್ರಿಂಗ್ ಇಲ್ಲದೆ ಅದನ್ನು ಏರಿಸುವ ಗುಟ್ಟು ಅಸ್ವಾನ್ ಕಡೆಯ ನ್ಯೂಬಿಯದ ಮೇಸ್ತ್ರಿಗಳ ಕೈಯಲ್ಲಿತ್ತು. ಇಂಗ್ಲೆಂಡಿನ ಲಾರಿ ಬೇಕರ್ ಹಿಮಾಲಯದ ಪಿಥೋರಾಗಢದಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿನ ಜನ ಕಟ್ಟುವ ಬಗೆಯಿಂದ ಕಲಿತದ್ದನ್ನು ಆಮೇಲೆ ಕೇರಳದಲ್ಲಿ ಬೆಳೆಸಿದರು. 1985ರಲ್ಲಿ ತ್ರಿಶೂರಿನಲ್ಲಿ ಹುಟ್ಟಿದ 'ಕಾಸ್ಟ್‌ಫೋರ್ಡ್' ಸಂಸ್ಥೆ ಅವರ ಪದ್ಧತಿಯನ್ನು ಮೇಸ್ತ್ರಿಗಳಿಗೂ ಎಂಜಿನಿಯರುಗಳಿಗೂ ಕಲಿಸುತ್ತಾ ಬಂದಿದೆ. 1989ರಿಂದ ಆರೋವಿಲ್ಲಿನ ಅರ್ಥ್ ಇನ್‌ಸ್ಟಿಟ್ಯೂಟ್ ದೇಶವಿದೇಶದವರ ಕೈಗೆ ಮಣ್ಣು ಮೆತ್ತಿಸುತ್ತಿದೆ. ಜಿಲ್ಲೆಗಳ ನಿರ್ಮಿತಿ ಕೇಂದ್ರಗಳ ಮೂಲ ಕಲ್ಪನೆಯಲ್ಲೂ ಕಡಿಮೆ ಖರ್ಚಿನ ಮನೆಯ ಜೊತೆಗೆ ಮೇಸ್ತ್ರಿಗಳ ತರಬೇತಿ ಇತ್ತು. ಈಗ ಜನ ಅವುಗಳನ್ನು ಹೆಚ್ಚಾಗಿ ಬಲ್ಲುದು ಸರ್ಕಾರಿ ಕಟ್ಟಡ ಕಟ್ಟುವ ಏಜೆನ್ಸಿಗಳೆಂದು.

ಮೂರನೆಯ ದಿನ ಬೇಕರ್ ಜನಪ್ರಿಯಗೊಳಿಸಿದ ಇಲಿಬೋನು ಕಟ್ಟಡ. ಇಟ್ಟಿಗೆಯನ್ನು ಮಲಗಿಸದೆ ಪಕ್ಕಕ್ಕೆ ನಿಲ್ಲಿಸಿ ಕಟ್ಟಿದರೆ ಒಂಬತ್ತಂಗುಲದ ಗೋಡೆಯ ನಡುವೆ ಪೊಳ್ಳು ಉಳಿಯುತ್ತದೆ. ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿತಾಯ. ಪೊಳ್ಳಿನ ಗಾಳಿ ಬಿಸಿಯನ್ನು ಒಳಗೆ ಬಿಡದೆ ಸತಾಯಿಸುತ್ತದೆ. ಹೇಳಲು ಸುಲಭ. ಎರಡನೇ ವರಸೆಗೇ ಗಾರೆ ಪೊಳ್ಳಿನೊಳಗೆ ಬೀಳತೊಡಗಿತು. ಗಾರೆ ತುಂಬಿದರೆ ಪೊಳ್ಳೆಲ್ಲಿ ಉಳಿಯಿತು? ಹುಡುಗನೊಬ್ಬ ಪೊಳ್ಳಿನ ಅಗಲಕ್ಕೆ ಒಂದು ರೀಪರ್ ತುಂಡನ್ನು ಕೊಯ್ದು ಅಡ್ಡಲಾಗಿಟ್ಟು, ಗಾರೆ ಹಾಕಿ, ಪಟ್ಟಿಯನ್ನು ಸರಿಸಿಕೊಂಡು ಹೋದ. ಬೆಳಿಗ್ಗೆಯಿಂದ ಒಂದು ಮಾತೂ ಆಡದಿದ್ದ ಅವನ ಸುತ್ತ ಈಗ ಏಳೆಂಟು ಮಂದಿ ಸೇರಿದರು.

ಕಿಟಕಿಯ ಪಾಠದಲ್ಲಿ ಕಾನೂನಿನ ಮಾತು ಬಂತು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗಾಗಿ ಹೊರತಂದ 'ಈಕೋ ನಿವಾಸ್ ಸಂಹಿತಾ' ಕಿಟಕಿಗಳು ಎಷ್ಟು ತೆರೆಯಬೇಕು ಎಂದು ಹೇಳುತ್ತದೆ. ಬೆಂಗಳೂರಿನಂಥ ಸಮಶೀತೋಷ್ಣ ಊರಿಗೆ ನೆಲದ ವಿಸ್ತೀರ್ಣದ ಶೇ. 12.5, ಮಂಗಳೂರಿನಂಥ ಸೆಕೆಯ ಕರಾವಳಿಗೆ ಶೇ. 16.66. ಹತ್ತಕ್ಕೆ ಹನ್ನೆರಡರ ಕೋಣೆ ಎಂದಿಟ್ಟುಕೊಂಡರೆ ಇಲ್ಲಿ 15 ಚದರಡಿ, ಅಲ್ಲಿ 20. "ಐದು ನಾಲ್ಕರ ಕಿಟಕಿ ಇಟ್ಟಿದೀವಿ, ಇಪ್ಪತ್ತಾಯ್ತಲ್ಲ" ಎಂದ ಸಾಫ್ಟ್‌ವೇರ್ ಗಂಡ. ಯಾವ ಕಿಟಕಿ ಎಂದು ಕೇಳಿದರು. ಸ್ಲೈಡಿಂಗ್. ಒಂದು ಬಾಗಿಲು ಇನ್ನೊಂದರ ಹಿಂದೆ ಸರಿದರೆ ತೆರೆಯುವುದು ಅರ್ಧವೇ, ಗಾಳಿಗೆ ಸಿಕ್ಕಿದ್ದು ಹತ್ತೇ ಚದರಡಿ. ಅದೇ ಅಳತೆಗೆ ರೆಕ್ಕೆ ಬಾಗಿಲಿನ ಹಳೆಯ ಕಿಟಕಿಯಾದರೆ ಹದಿನೆಂಟು. ರಾಯಚೂರಿನ ಹೆಂಗಸು ಇನ್ನೂ ಮುಂದೆ ಹೋದಳು: "ಒಂದ ಕಿಡಕಿ ಎಷ್ಟ ದೊಡ್ಡದಿದ್ರೇನ್ರೀ, ಎದುರಿಗೆ ಇನ್ನೊಂದು ಬೇಕಲ್ಲ. ಗಾಳಿ ಹೊಕ್ಕಿದ್ದು ಹೊಂಡಬೇಕಲ್ಲ. ಮತ್ತ ಸೊಳ್ಳಿ ಜಾಳಗಿ ಇಲ್ಲಂದ್ರ ಸಂಜೀಕ ಯಾರೂ ತೆರಿಯಂಗಿಲ್ಲ." ಸಂಹಿತೆಯ ಅಂಕಿಯಲ್ಲಿ ಸೊಳ್ಳೆ ಇರಲಿಲ್ಲ.

ಆರೋಗ್ಯದ ಪಾಠ ನಾಲ್ಕನೆಯ ದಿನ. ಬಚ್ಚಲ ಗೋಡೆಯ ಆಚೆ ಮಲಗುವ ಕೋಣೆಯ ಬೀರು, ಅದರ ಹಿಂದೆ ಕಪ್ಪು ಬೂಷ್ಟು: ಇಂಥ ಚಿತ್ರಗಳು ಒಂದರ ಮೇಲೊಂದು ಬಂದವು. ತೇವದ ಗೋಡೆಗೆ ಹೊಳಪಿನ ಪ್ಲಾಸ್ಟಿಕ್ ಪೇಂಟು ಬಳಿದರೆ ನೀರು ಹೊರಬರಲು ದಾರಿಯಿಲ್ಲದೆ ಬಣ್ಣವೇ ಬೊಕ್ಕೆಯೆದ್ದು ಉದುರುತ್ತದೆ. ಸುಣ್ಣವಾದರೆ ಗೋಡೆ ಆರುತ್ತದೆ. ಆದರೆ ತೇವದ ಮೂಲ ಪಾಯದಲ್ಲಿದ್ದರೆ, ಪೈಪಿನ ಜಾಯಿಂಟಿನಲ್ಲಿದ್ದರೆ, ಸುಣ್ಣವೂ ಏನೂ ಮಾಡಲಾರದು. ಹೊಸ ಬಣ್ಣ, ಪ್ಲೈವುಡ್ಡಿನ ಅಂಟು ಇವುಗಳ ಘಾಟು ಇಳಿಯುವವರೆಗೆ ಕಿಟಕಿಗಳನ್ನು ತೆರೆದಿಟ್ಟು ಕಾಯಬೇಕು. ಗೃಹಪ್ರವೇಶದ ಮುಹೂರ್ತ ಪೇಂಟಿನವನ ಹಿಂದೆಯೇ ಓಡಿ ಬರಬಾರದು. ಅಡುಗೆಮನೆಯ ಹಬೆ, ಹೊಗೆ ಮೇಲಿನಿಂದ ಹೊರಹೋಗಲು ದಾರಿ ಬೇಕು.

ಆಮೇಲೆ ಗುರುಗಳು ತಮ್ಮ ಎಡಗಡೆ ಕೂತ ಹೆಂಗಸರಿಗೆ ಕೈ ತೋರಿಸಿ ಎಂದರು. ಸಿಮೆಂಟಿನ ಕ್ಷಾರಕ್ಕೆ ಬೆರಳ ಸಂದುಗಳು ಒಡೆದಿದ್ದವು. ಟೈಲ್ಸ್ ಕೊಯ್ಯುವ ಹುಡುಗನಿಗೆ ಎರಡು ವರ್ಷದಿಂದ ಒಣಕೆಮ್ಮು. ನೀರು ಬಿಡದೆ ಗ್ರಾನೈಟ್, ಟೈಲ್ಸ್ ಕೊಯ್ದರೆ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ಅದು ವಾಸಿಯಾಗುವುದಿಲ್ಲ. ಕಟ್ಟುವವರ ಎದೆಯನ್ನು ಕೆಡಿಸಿದ ಮನೆಯನ್ನು ಆರೋಗ್ಯದ ಮನೆ ಎಂದು ಕರೆಯುವುದು ಹೇಗೆ? ಕೈಗವಸು, ಮುಖಕ್ಕೆ ದೂಳು ತಡೆಯುವ ಮಾಸ್ಕು, ಕೊಯ್ಯುವ ಚಕ್ರಕ್ಕೆ ನೀರಿನ ನಳಿಕೆ: ಮೂರೂ ಸೇರಿದರೂ ಒಂದು ಬಾತ್‌ರೂಮಿನ ನಲ್ಲಿಗಳ ಬೆಲೆಯಾಗದು. ಆ ಹೊತ್ತು ನೋಟ್‌ಬುಕ್ಕುಗಳಲ್ಲಿ ಯಾರೂ ಏನೂ ಬರೆಯಲಿಲ್ಲ. ಸಾಫ್ಟ್‌ವೇರ್ ಹೆಂಡತಿ ಆ ಹುಡುಗನನ್ನು, ಡಾಕ್ಟರಿಗೆ ತೋರಿಸಿದೀಯಾ ಎಂದು ವಿಚಾರಿಸುತ್ತಿದ್ದಳು.

ಕೊನೆಯ ದಿನ ಪ್ರಮಾಣಪತ್ರ. ಬೂಟಿನವರಿಗೆ ಅದು ಬಯೋಡೇಟಾದ ಒಂದು ಸಾಲು. ಚಪ್ಪಲಿಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ತೋರ್ಸಿದ್ರೆ ಕೂಲಿ ಜಾಸ್ತಿ ಕೊಡ್ತಾರಾ ಸಾರ್?" ಮೀಸೆಯ ಮೇಸ್ತ್ರಿ ಕೇಳಿದರು. ಐದು ದಿನದಲ್ಲಿ ಯಾವ ಪ್ರಶ್ನೆಗೂ ತಡವರಿಸದ ಗುರುಗಳು ಇದಕ್ಕೆ ತಡೆದರು.

ತಡೆಯಲು ಕಾರಣವಿದೆ. ನಮ್ಮಲ್ಲಿ ಮನೆ ಕಟ್ಟುವ ಕೂಲಿ ಚದರಕ್ಕೆ ಇಷ್ಟು ಎಂದು ತೀರ್ಮಾನವಾಗುತ್ತದೆ. ಬೇಗ ಮುಗಿಸಿದವನಿಗೆ ಲಾಭ, ನಿಧಾನಿಸಿದವನಿಗೆ ನಷ್ಟ. ಮಣ್ಣನ್ನು ಬಾಟಲಿಯಲ್ಲಿಟ್ಟು ಒಂದು ದಿನ ಕಾಯುವುದು, ಅಚ್ಚಿಗೆ ತೂಗಿ ಹಾಕುವುದು, ಇಟ್ಟಿಗೆಗೆ ಮೂರು ವಾರ ನೀರುಣಿಸುವುದು, ಪೊಳ್ಳಿಗೆ ಗಾರೆ ಬೀಳದಂತೆ ಪಟ್ಟಿ ಸರಿಸುವುದು ಇವೆಲ್ಲ ಆ ಲೆಕ್ಕದಲ್ಲಿ ಮೇಸ್ತ್ರಿಯ ಜೇಬಿನಿಂದ ಹೋಗುವ ದಿನಗಳು. ಇಲ್ಲಿ ಕಲಿತ ಅಷ್ಟೂ ವಿದ್ಯೆ ತಾಳ್ಮೆಯದು. ಹೊರಗೆ ಹೋದರೆ ದುಡ್ಡು ಸಿಗುವುದು ಆತುರಕ್ಕೆ. ಶಿಬಿರಗಳನ್ನು ಎಷ್ಟು ಹೆಚ್ಚಿಸಿದರೂ ಈ ದರದ ಪದ್ಧತಿ ಬದಲಾಗದಿದ್ದರೆ ತಂಪಾದ ಮನೆಗಳು ಪತ್ರಿಕೆಗಳ ಬಣ್ಣದ ಪುಟಗಳಲ್ಲೇ ಉಳಿಯುತ್ತವೆ. ಅದನ್ನು ಬದಲಿಸಬಲ್ಲವರು ಮನೆ ಕಟ್ಟಿಸುವವರು. ಏಸಿಗೆಂದು ಎತ್ತಿಟ್ಟ ದುಡ್ಡಿನ ಒಂದು ಪಾಲನ್ನು ಮೇಸ್ತ್ರಿಯ ದಿನಗಳಿಗೆ ಕೊಟ್ಟರೆ ಏಸಿಯ ಅಗತ್ಯವೇ ಕಡಿಮೆಯಾದೀತು.

ಊಟದ ಎಲೆ ಎತ್ತುವ ಹೊತ್ತಿಗೆ ಸಾಫ್ಟ್‌ವೇರ್ ಹೆಂಡತಿ ಮೀಸೆಯ ಮೇಸ್ತ್ರಿಯ ಬಳಿ ಬಂದಳು. "ನಮ್ಮನೆ ಕೆಲಸಕ್ಕೆ ಬರ್ತೀರಾ ಮೇಸ್ತ್ರಿಗಳೇ?"

"ಬರ್ತೀನಿ ಕಣಮ್ಮ. ಆದ್ರೆ ಚದರದ ಲೆಕ್ಕ ಬೇಡ, ದಿನದ ಲೆಕ್ಕ ಮಾತಾಡಿ. ಇಟ್ಟಿಗೆ ನೆನೆಯೋ ಅಷ್ಟು ದಿನ ನೀರು ಹಾಕೋರ ಕೂಲಿ ಬೇರೆ. ಕೈಗವಸು, ಮಾಸ್ಕು ನಿಮ್ಮದು."

ಗಂಡ ಫೋನ್ ತೆಗೆದು ಲೆಕ್ಕ ಹಾಕತೊಡಗಿದ. ಮೇಸ್ತ್ರಿ ಬೆರಳು ಮಡಚಿ ಹಾಕುತ್ತಿದ್ದರು. ಮೊತ್ತದಲ್ಲಿ ಇನ್ನೂ ಹೊಂದಾಣಿಕೆ ಆಗಿರಲಿಲ್ಲ, ಆದರೆ ಇಬ್ಬರೂ ಎಣಿಸುತ್ತಿದ್ದದ್ದು ದಿನಗಳನ್ನೇ.